2ರಿಂದ 486ರವರೆಗೆ ಐದು ಹೆಜ್ಜೆ: ಸೇಡಂನ ತಂಗಿಗೆ ಒಂದು ಪತ್ರ

ಗಾಟಿಂಗೆನ್, ಜರ್ಮನಿ
9 ನವೆಂಬರ್

ತೀರ್ಥರೂಪ ಅಪ್ಪ ಮತ್ತು ಮಾತೃಶ್ರೀ ಅವ್ವನಿಗೆ ನಿಮ್ಮ ಹಿರಿಯ ಮಗಳ ಶರಣು ಶರಣಾರ್ಥಿಗಳು. ಚಿರಂಜೀವಿ ತಂಗಿಗೆ ಅಕ್ಕನ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಚಳಿ ಶುರುವಾಗಿದೆ, ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ. ಉಳಿದ ಸಮಾಚಾರವನ್ನೆಲ್ಲ ಭಾನುವಾರದ ಫೋನಿನಲ್ಲಿ ಹೇಳಿದ್ದೇನೆ. ಈ ಪತ್ರವನ್ನು ಬರೆಯುತ್ತಿರುವುದು ತಂಗಿಯ ಪ್ರಶ್ನೆಯೊಂದಕ್ಕೆ ಉತ್ತರವಾಗಿ. ಅವಳು ತನ್ನ ಪ್ರಥಮ ಪಿಯುಸಿ ಗಣಿತದ ನೋಟ್ ಪುಸ್ತಕದ ಒಂದು ಪುಟದ ಫೋಟೋ ಕಳಿಸಿ, ಗುಣೋತ್ತರ ಶ್ರೇಢಿಯಲ್ಲಿ, ಅಂದರೆ ಒಂದೇ ಅನುಪಾತದಿಂದ ಗುಣಿಸುತ್ತ ಹೋಗುವ ಸಂಖ್ಯೆಗಳ ಸಾಲಿನಲ್ಲಿ, ಮಾಧ್ಯ (ಎರಡು ಸಂಖ್ಯೆಗಳ ನಡುವೆ ಬರುವ ಸಂಖ್ಯೆ) ಕಂಡುಹಿಡಿಯುವುದು ತನಗೆ ಹತ್ತುತ್ತಿಲ್ಲವೆಂದು ಬರೆದಿದ್ದಳು. ಫೋನಿನಲ್ಲಿ ಅರ್ಧ ಕೇಳಿಸಿ ಅರ್ಧ ಕೇಳಿಸದೆ ಹೋಗುವ ಮಾತು ಅದಲ್ಲ. ಕಾಗದದಲ್ಲೇ ಬರೆಯಬೇಕೆನ್ನಿಸಿದ್ದಕ್ಕೆ ಇನ್ನೊಂದು ಕಾರಣ ಈ ಪತ್ರ ಬಂದಿರುವ ಲಕೋಟೆಯಲ್ಲಿದೆ. ಆದ್ದರಿಂದ ದಯವಿಟ್ಟು ಅದನ್ನು ಎಸೆಯದೆ ಇಟ್ಟುಕೊಳ್ಳಿ. ಅಪ್ಪ, ನಡುವೆ ತೊಗರಿಯ ಲೆಕ್ಕವೂ ಹೊಲದ ಲೆಕ್ಕವೂ ಬರುತ್ತವೆ, ನೀವೂ ಓದಬೇಕು.

ತಂಗಿ, ನಿನ್ನ ಪುಟದಲ್ಲಿದ್ದ ಲೆಕ್ಕ ಇದು: 2 ಮತ್ತು 486ರ ನಡುವೆ ನಾಲ್ಕು ಗುಣೋತ್ತರ ಮಾಧ್ಯಗಳನ್ನು ಸೇರಿಸಬೇಕು. 486ನ್ನು 2ರಿಂದ ಭಾಗಿಸಿ 243 ಪಡೆದೆ. ಅಲ್ಲಿಯವರೆಗೆ ನೀನು ಮಾಡಿದ್ದೆಲ್ಲ ಸರಿಯಾಗಿದೆ. ಆಮೇಲೆ, ಮಾಧ್ಯಗಳು ನಾಲ್ಕು ಇವೆಯಲ್ಲ ಎಂದುಕೊಂಡು 243ರ ನಾಲ್ಕನೇ ಮೂಲವನ್ನು ಹುಡುಕಹೊರಟೆ. ಅದು 4ಕ್ಕಿಂತ ತುಸು ಕಡಿಮೆಯಾದ, ಮುಗಿಯದ ದಶಮಾಂಶವಾಗಿ ಬಂದಾಗ ಪುಟಕ್ಕೆಲ್ಲ ಅಡ್ಡಗೆರೆ ಎಳೆದುಬಿಟ್ಟೆ. ಆ ಗೆರೆ ಎಳೆಯುವ ಅಗತ್ಯವಿರಲಿಲ್ಲ. ನೀನು ಎಣಿಸಬೇಕಾಗಿದ್ದುದು ನಡುವೆ ನಿಂತ ಸಂಖ್ಯೆಗಳನ್ನಲ್ಲ, ಒಂದು ಸಂಖ್ಯೆಯಿಂದ ಇನ್ನೊಂದಕ್ಕೆ ಇಡುವ ಹೆಜ್ಜೆಗಳನ್ನು. ಸೇಡಂನಿಂದ ಹೊರಟ ಬಸ್ಸು ಕಲಬುರಗಿ ಮುಟ್ಟುವುದರೊಳಗೆ ನಾಲ್ಕು ಊರುಗಳಲ್ಲಿ ನಿಂತರೆ, ದಾರಿ ಐದು ತುಂಡಾಗುತ್ತದೆ. ಹಾಗೆಯೇ ನಾಲ್ಕು ಮಾಧ್ಯಗಳೆಂದರೆ ಐದು ಹೆಜ್ಜೆ, ಪ್ರತಿ ಹೆಜ್ಜೆಗೂ ಅದೇ ಒಂದು ಅನುಪಾತದಿಂದ ಗುಣಾಕಾರ. ಯಾವ ಸಂಖ್ಯೆಯನ್ನು ಐದು ಸಲ ಗುಣಿಸಿದರೆ 243 ಬರುತ್ತದೆ ಎಂದು ಕೇಳಿಕೊಂಡರೆ 3 ಎಂಬ ಉತ್ತರ ತಾನೇ ಎದುರಿಗೆ ನಿಲ್ಲುತ್ತದೆ. 2, 6, 18, 54, 162, 486: ನಡುವಿನ ನಾಲ್ಕೇ ನಿನಗೆ ಬೇಕಾದ ಮಾಧ್ಯಗಳು.

ಇದೊಂದು ಮನಸ್ಸಿನಲ್ಲಿ ಕೂತರೆ, ಪದ, ಅಂದರೆ ಸಾಲಿನ ಒಂದೊಂದು ಸಂಖ್ಯೆ, ಕಂಡುಹಿಡಿಯುವ ಸೂತ್ರವನ್ನು ಬಾಯಿಪಾಠ ಮಾಡುವ ಕೆಲಸವೇ ಇರುವುದಿಲ್ಲ. ಹತ್ತನೇ ಪದ ಬೇಕೆಂದರೆ ಮೊದಲ ಪದದಿಂದ ಒಂಬತ್ತು ಹೆಜ್ಜೆ ನಡೆಯಬೇಕು, ಆದ್ದರಿಂದ ಅನುಪಾತವನ್ನು ಒಂಬತ್ತು ಸಲ ಗುಣಿಸಬೇಕು. ಸೂತ್ರದಲ್ಲಿ ಒಂದನ್ನು ಕಳೆಯುವುದು ಇದಕ್ಕಾಗಿಯೇ ಹೊರತು ಬೇರೇನೂ ಅಲ್ಲ. ಮೊದಲ ಪದವೇ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ: ಯಾವ ಎರಡು ಪದಗಳು ಗೊತ್ತಿದ್ದರೂ ಅವುಗಳ ಸ್ಥಾನಗಳ ವ್ಯತ್ಯಾಸವೇ ಹೆಜ್ಜೆಗಳ ಲೆಕ್ಕ.

ಇಲ್ಲಿ ನಿನಗೆ ಹೇಳಲೇಬೇಕಾದ ಸಂಗತಿ ಒಂದಿದೆ, ಅದಕ್ಕಾಗಿ ನಾನು ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ. ಕಲಬುರಗಿಗೆ ಹೋಗುವಾಗಲೆಲ್ಲ ನಾವು ಕಾಗಿಣಾ ನದಿಯ ದಂಡೆಯ ಮಳಖೇಡವನ್ನು ಹಾದುಹೋಗುತ್ತೇವೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ ಎಂದು ಶಾಲೆಯಲ್ಲಿ ಓದಿದ್ದೇವೆ. ಅಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. ಗ್ರಂಥದ ಆರಂಭದಲ್ಲಿ ಅವನು ಸ್ತುತಿಸುವುದು ಇದೇ ನೃಪತುಂಗನನ್ನು. ಅದರಲ್ಲಿ ಒಂದು ಲೆಕ್ಕವಿದೆ. ಒಬ್ಬ ಮನುಷ್ಯ ಮೊದಲು ಎರಡು ಚಿನ್ನದ ನಾಣ್ಯ ಪಡೆದು ಊರಿಂದ ಊರಿಗೆ ಹೋಗುತ್ತಾನೆ, ಪ್ರತಿ ಊರಿನಲ್ಲೂ ಹಿಂದಿನ ಊರಿನ ಗಳಿಕೆಯ ಮೂರು ಪಟ್ಟು ಗಳಿಸುತ್ತಾನೆ. ಎಂಟನೇ ಊರಿನಲ್ಲಿ ಅವನ ಗಳಿಕೆ ಎಷ್ಟು? ನಿನ್ನ 2, 6, 18 ಎಂಬ ಸಾಲನ್ನೇ ಮುಂದುವರಿಸಿ ನೋಡು: 486 ಆರನೇ ಊರು, 1,458 ಏಳನೆಯದು, 4,374 ಎಂಟನೆಯದು. ಮೊದಲ ಊರಿನಿಂದ ಎಂಟನೇ ಊರಿಗೆ ಏಳು ಹೆಜ್ಜೆ, 3ನ್ನು ಏಳು ಸಲ ಗುಣಿಸಿದರೆ 2,187, ಅದರ ಎರಡರಷ್ಟು 4,374.

ಮಹಾವೀರನಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು 'ಗುಣಧನ' ಎಂಬ ಅವನ ಮಾತು. ಮೊದಲ ಪದವನ್ನು, ಪದಗಳು ಎಷ್ಟಿವೆಯೋ ಅಷ್ಟು ಸಲ ಅನುಪಾತದಿಂದ ಗುಣಿಸಿದರೆ ಬರುವುದು ಗುಣಧನ. ಅಂದರೆ ಅದು ಶ್ರೇಢಿಯ ಕೊನೆಯ ಪದವಲ್ಲ, ಅದರ ಮುಂದಿನ ಪದ. ಐದು ಪದಗಳ 2, 6, 18, 54, 162 ಎಂಬ ಶ್ರೇಢಿಯ ಗುಣಧನ 486. ಇದರಿಂದ ಏನು ಸಿಕ್ಕಿತು ನೋಡು: ಪದಗಳು ಐದು, ಗುಣಾಕಾರಗಳೂ ಐದು, ಒಂದು ಕಳೆಯುವ ಗೊಂದಲವೇ ಇಲ್ಲ. ಗುಣಧನವನ್ನು ಮೊದಲ ಪದದಿಂದ ಭಾಗಿಸು. ಬಂದದ್ದು ಯಾವ ಸಂಖ್ಯೆಯನ್ನು ಪದಗಳಷ್ಟು ಸಲ ಗುಣಿಸಿದ ಗುಣಲಬ್ಧವೋ ಆ ಸಂಖ್ಯೆಯೇ ಅನುಪಾತ ಎಂಬ ಅರ್ಥದ ನಿಯಮವನ್ನೂ ಅವನು ಕೊಟ್ಟಿದ್ದಾನೆ. ನೀನು ಅಡ್ಡಗೆರೆ ಎಳೆದ ಲೆಕ್ಕಕ್ಕೆ ದಾರಿ ಇದೇ ಅಲ್ಲವೇ? ಗುಣಧನದಿಂದ ಮೊದಲ ಪದವನ್ನು ಕಳೆದು, ಅನುಪಾತದಲ್ಲಿ ಒಂದು ಕಡಿಮೆ ಮಾಡಿ ಭಾಗಿಸಿದರೆ ಶ್ರೇಢಿಯ ಮೊತ್ತವೂ ಬರುತ್ತದೆ, ಆದರೆ ಅದು ನಿನ್ನ ಮುಂದಿನ ಪಾಠ. ನಮ್ಮ ಬಸ್ಸಿನ ದಾರಿಯಲ್ಲಿರುವ ಊರಿನಿಂದ ಆಳಿದ ದೊರೆಯ ಕಾಲದ ಈ ನಿಯಮವನ್ನು ನಾನು ಪಿಯುಸಿ ಓದುವಾಗ ಯಾರೂ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ. ಆ ಖೇದ ನನಗೆ ಇಂದಿಗೂ ಇದೆ. ನಿನಗೆ ಹಾಗಾಗಬಾರದು.

ಇನ್ನು ನಾನು ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡ ಜಾಗ. ಗುಣೋತ್ತರ ಶ್ರೇಢಿಯೊಂದರ ಮೂರನೇ ಪದ 12, ಏಳನೇ ಪದ 192. ಶ್ರೇಢಿಯನ್ನು ಬರೆ ಎಂದಿದ್ದರು. ಸ್ಥಾನಗಳ ವ್ಯತ್ಯಾಸ ನಾಲ್ಕು, 192ನ್ನು 12ರಿಂದ ಭಾಗಿಸಿದರೆ 16, ಅನುಪಾತ 2. ನಾನು 3, 6, 12, 24, 48, 96, 192 ಎಂದು ಬರೆದು ಎದ್ದುಬಂದೆ. ಆದರೆ ಋಣ 2ನ್ನು ನಾಲ್ಕು ಸಲ ಗುಣಿಸಿದರೂ 16 ಬರುತ್ತದೆ! 3, −6, 12, −24, 48, −96, 192 ಎಂಬ ಎರಡನೇ ಶ್ರೇಢಿಯನ್ನು ನಾನು ನೋಡಲೇ ಇಲ್ಲ. ಹೆಜ್ಜೆಗಳ ಸಂಖ್ಯೆ ಸಮವಾಗಿದ್ದು, ಕೊಟ್ಟ ಎರಡು ಪದಗಳಿಗೂ ಚಿಹ್ನೆ ಒಂದೇ ಆಗಿದ್ದರೆ, ಯಾವಾಗಲೂ ಹೀಗೆ ಎರಡು ಉತ್ತರಗಳಿರುತ್ತವೆ; ಹೆಜ್ಜೆಗಳು ಬೆಸವಾಗಿದ್ದರೆ ಒಂದೇ. ನಿನ್ನ 2ರಿಂದ 486ರ ಐದು ಹೆಜ್ಜೆಗಳಿಗೆ 3 ಒಂದೇ ಉತ್ತರವಾದದ್ದು ಇದರಿಂದಲೇ. ಎರಡು ಶ್ರೇಢಿಗಳನ್ನೂ ಒಂದರ ಕೆಳಗೊಂದು ಬರೆದು ನೋಡು: 12 ಮತ್ತು 192ರ ನಟ್ಟನಡುವೆ ನಿಂತ 48 ಮಾತ್ರ ಎರಡರಲ್ಲೂ ಬದಲಾಗಿಲ್ಲ, ಏಕೆಂದರೆ 12ರಿಂದ ಅಲ್ಲಿಗೆ ಎರಡೇ ಹೆಜ್ಜೆ, 2ರ ವರ್ಗವೂ ಋಣ 2ರ ವರ್ಗವೂ 4.

ಆ 48ನ್ನು ಪಡೆಯಲು ಶ್ರೇಢಿಯನ್ನೆಲ್ಲ ಬರೆಯಬೇಕಿಲ್ಲ. 12ನ್ನು 192ರಿಂದ ಗುಣಿಸಿದರೆ 2,304, ಅದರ ವರ್ಗಮೂಲ 48. ಎರಡು ಧನಸಂಖ್ಯೆಗಳ ಗುಣೋತ್ತರ ಮಾಧ್ಯ ಎಂದರೆ ಇದೇ. ಕೂಡಿಸಿ ಎರಡರಿಂದ ಭಾಗಿಸಿದರೆ 102 ಬರುತ್ತದೆ, ಅದು ಸಮಾಂತರ ಮಾಧ್ಯ. ಎರಡೂ ನಡುವಿನವೇ ಆದರೂ ಒಂದು ಕೂಡಿಸುತ್ತ ನಡೆಯುವವನ ನಡುದಾರಿ, ಇನ್ನೊಂದು ಗುಣಿಸುತ್ತ ನಡೆಯುವವನದು. ಯಾವುದನ್ನು ಎಲ್ಲಿ ಬಳಸಬೇಕೆಂಬುದು ಅಪ್ಪನಂಥವರಿಗೆ ನಿಜವಾಗಿ ಬೇಕಾಗುವ ತಿಳಿವಳಿಕೆ. ಅಪ್ಪ, ತೊಗರಿಯ ಧಾರಣೆ ಕ್ವಿಂಟಾಲಿಗೆ 8,000 ರೂಪಾಯಿ ಇದ್ದದ್ದು ಒಂದು ವರ್ಷ ಶೇಕಡಾ 25 ಏರಿತು, ಮರುವರ್ಷ ಶೇಕಡಾ 20 ಇಳಿಯಿತು ಎಂದಿಟ್ಟುಕೊಳ್ಳಿ. ಕೂಡಿಸಿ ಭಾಗಿಸುವವನು ವರ್ಷಕ್ಕೆ ಸರಾಸರಿ ಎರಡೂವರೆ ಏರಿದೆ ಎನ್ನುತ್ತಾನೆ. ಆದರೆ 8,000 ಏರಿ 10,000 ಆಗಿ, ಇಳಿದು ಮತ್ತೆ 8,000ಕ್ಕೇ ಬಂದು ನಿಂತಿದೆ. 1.25 ಮತ್ತು 0.80ರ ಗುಣಲಬ್ಧ 1, ಅದರ ವರ್ಗಮೂಲವೂ 1. ಏರಿಕೆ ಏನೂ ಆಗಿಲ್ಲವೆಂದು ಗುಣೋತ್ತರ ಮಾಧ್ಯ ಸರಿಯಾಗಿ ಹೇಳುತ್ತದೆ. ಶೇಕಡಾವಾರು ಏರಿಳಿತಕ್ಕೆ ಯಾರಾದರೂ ಬರಿಯ ಸರಾಸರಿ ಹೇಳಿದರೆ ನಂಬಬೇಡಿ.

ಹೊಲದ ಲೆಕ್ಕವೂ ಇದೇ. 40 ಮೀಟರ್ ಅಗಲ, 90 ಮೀಟರ್ ಉದ್ದದ ಹೊಲದಷ್ಟೇ ವಿಸ್ತೀರ್ಣದ ಚೌಕದ ಬದಿ 60 ಮೀಟರ್, ಅಂದರೆ 40 ಮತ್ತು 90ರ ಗುಣೋತ್ತರ ಮಾಧ್ಯ. ಉದ್ದ ಹೊಲಕ್ಕೆ ಬೇಲಿ 260 ಮೀಟರ್ ಬೇಕು, ಚೌಕಕ್ಕೆ 240 ಸಾಕು. ಸಮಾಂತರ ಮಾಧ್ಯವಾದ 65 ಯಾವಾಗಲೂ ಗುಣೋತ್ತರ ಮಾಧ್ಯಕ್ಕಿಂತ ಹೆಚ್ಚಾಗಿರುತ್ತದೆ, ಎರಡು ಸಂಖ್ಯೆಗಳೂ ಒಂದೇ ಆದಾಗ ಮಾತ್ರ ಸರಿಸಮ. ತಂಗಿ, ಇದನ್ನು ಸಾಧಿಸಿ ತೋರಿಸಲು ಎರಡು ಸಂಖ್ಯೆಗಳ ವರ್ಗಮೂಲಗಳ ವ್ಯತ್ಯಾಸವನ್ನು ವರ್ಗ ಮಾಡಿ, ಅದು ಋಣವಾಗಲಾರದು ಎಂದು ಬರೆದರೆ ಸಾಕು. ಉಳಿದದ್ದು ಎರಡೇ ಸಾಲು.

ಈಗ ಲಕೋಟೆ. ನಾನು ಓದುತ್ತಿರುವ ಈ ಊರಿನ ವಿಶ್ವವಿದ್ಯಾಲಯದಲ್ಲಿ ಹದಿನೆಂಟನೇ ಶತಮಾನದಲ್ಲಿ ಲಿಖ್ಟೆನ್‌ಬರ್ಗ್ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕರಿದ್ದರು. 1786ರ ಅಕ್ಟೋಬರ್ 25ರಂದು ಅವರು ಬೆಕ್‌ಮನ್ ಎಂಬವರಿಗೆ ಬರೆದ ಪತ್ರದಲ್ಲಿ, ತಾವು ಬೀಜಗಣಿತ ಹೇಳಿಕೊಡುತ್ತಿದ್ದ ಇಂಗ್ಲಿಷ್ ಯುವಕನೊಬ್ಬನಿಗೆ ಕೊಟ್ಟ ಲೆಕ್ಕವನ್ನು ವಿವರಿಸಿದ್ದಾರೆ: ಎಷ್ಟು ಸಲ ಅರ್ಧಕ್ಕೆ ಮಡಿಚಿದರೂ ಆಕಾರ ಬದಲಾಗದ ಕಾಗದದ ಹಾಳೆ ಯಾವುದು? ಅಗಲವನ್ನು 1 ಎಂದುಕೊ. ಉದ್ದವನ್ನು ಅರ್ಧ ಮಾಡಿದಾಗ, ಹಳೆಯ ಅಗಲವಾದ 1 ಹೊಸ ಉದ್ದವಾಗುತ್ತದೆ; ಆಕಾರ ಅದೇ ಉಳಿಯಬೇಕಾದರೆ ಉದ್ದದ ವರ್ಗ 2 ಆಗಿರಬೇಕು. ಅಂದರೆ ಉದ್ದವು 1 ಮತ್ತು 2ರ ಗುಣೋತ್ತರ ಮಾಧ್ಯ, 2ರ ವರ್ಗಮೂಲ, ಹತ್ತಿರ ಹತ್ತಿರ 1.414. 1922ರಲ್ಲಿ ಜರ್ಮನಿಯು ಇದೇ ಅನುಪಾತದ ಮೇಲೆ ತನ್ನ ಕಾಗದದ ಅಳತೆಗಳನ್ನು ನಿಗದಿ ಮಾಡಿತು. ಅವನ್ನು ರೂಪಿಸಿದವರು ವಾಲ್ಟರ್ ಪೋರ್ಸ್ಟ್‌ಮನ್. ನಮ್ಮೂರ ಜೆರಾಕ್ಸ್ ಅಂಗಡಿಯ ಎ4 ಹಾಳೆ ಆ ಸಾಲಿನದೇ. ಒಂದು ಚದರ ಮೀಟರಿನ ಎ0 ಹಾಳೆಯಿಂದ ಶುರುವಾಗಿ ಬದಿಗಳು 1189, 841, 594, 420, 297, 210, 148 ಮಿಲಿಮೀಟರ್ ಎಂದು ಇಳಿಯುತ್ತ ಹೋಗುತ್ತವೆ. ಪಟ್ಟಿ ಹಿಡಿದು ನಿನ್ನ ಹಾಳೆಯನ್ನು ಅಳೆ: 210 ಅಗಲ, 297 ಉದ್ದ. ಎ4 ಪುಟವನ್ನು ಎ3ಗೆ ಹಿಗ್ಗಿಸಲು ಜೆರಾಕ್ಸ್ ಯಂತ್ರದಲ್ಲಿ 141 ಎಂದು ಒತ್ತುವುದೂ, ಎ3ಯನ್ನು ಎ4ಗೆ ಕುಗ್ಗಿಸಲು 71 ಎಂದು ಒತ್ತುವುದೂ ಈ ಅನುಪಾತವನ್ನೇ.

ಈ ಪತ್ರ ಎ4 ಹಾಳೆಗಳಲ್ಲಿದೆ. ಒಮ್ಮೆ ಮಡಿಚಿದರೆ ಎ5, ಅದರ ಉದ್ದ 210. ಅಳತೆಗಳಲ್ಲಿ ಬಿ5 ಎಂಬುದೊಂದಿದೆ, ಅದರ ಉದ್ದ 250. ಎ5 ಮತ್ತು ಎ4ರ ಉದ್ದಗಳಾದ 210 ಮತ್ತು 297ರ ಗುಣೋತ್ತರ ಮಾಧ್ಯ ಅದು. ನೀನು ಒಡೆದ ಲಕೋಟೆ ಸಿ5. ಮಡಿಚಿದ ಹಾಳೆ ಬಿಗಿಯಾಗದೆ ಒಳಗೆ ಸರಿಯಬೇಕು, ಹೆಚ್ಚು ಅಲುಗಾಡಲೂ ಬಾರದು. ಅದಕ್ಕಾಗಿ ಎ5 ಮತ್ತು ಬಿ5ರ ನಡುವಿನ ಗುಣೋತ್ತರ ಮಾಧ್ಯವನ್ನೇ ಲಕೋಟೆಯ ಅಳತೆಯಾಗಿ ಆರಿಸಿದ್ದಾರೆ. 210ನ್ನು 250ರಿಂದ ಗುಣಿಸಿದರೆ 52,500, ಅದರ ವರ್ಗಮೂಲ 229ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಲಕೋಟೆಯ ಉದ್ದವನ್ನು ಅಳೆದು ನೋಡು.

ನಿನಗೊಂದು ಲೆಕ್ಕ ಉಳಿಸಿದ್ದೇನೆ. 210 ಮತ್ತು 297ರ ನಡುವೆ ಮೂರು ಗುಣೋತ್ತರ ಮಾಧ್ಯಗಳನ್ನು ಸೇರಿಸಿದರೆ ಮೊದಲನೆಯದು 229, ಎರಡನೆಯದು 250. ಮೂರನೆಯದನ್ನು ಕಂಡುಹಿಡಿ. ಹೆಜ್ಜೆಗಳು ನಾಲ್ಕಾದ್ದರಿಂದ ಋಣ ಅನುಪಾತವೂ ಉತ್ತರವಾಗುತ್ತದೆ. ಕಾಗದದ ವಿಷಯದಲ್ಲಿ ಅದನ್ನು ಏಕೆ ಬಿಡಬೇಕೆಂಬುದನ್ನು ಒಂದು ಸಾಲಿನಲ್ಲಿ ಬರೆ. ಉತ್ತರವನ್ನು ಫೋಟೋ ತೆಗೆದು ಕಳಿಸಬೇಡ, ಅಂಚೆಯಲ್ಲೇ ಕಳಿಸು. ನಿನ್ನ ಕೈಬರಹ ನೋಡಿ ಬಹಳ ದಿನಗಳಾದವು.

ಅಪ್ಪ, ತೊಗರಿಗೆ ಈ ಸಲ ಹೂವು ಹೇಗೆ ಹಿಡಿದಿದೆ ಎಂದು ತಂಗಿಯ ಪತ್ರದ ಕೊನೆಗೆ ಎರಡು ಸಾಲು ಸೇರಿಸಿ. ಅವ್ವ, ಹಿಂಡಿ ಮುಗಿಯುವ ಮೊದಲೇ ಹೇಳುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು,
ತಂಗಿಯ ಅಕ್ಕ