ಗಂಟೆ ಲೆಕ್ಕದ ಓದು

ಪ್ರೀತಿಯ ತಮ್ಮ,

ಹಸ್ತಪ್ರತಿ ಬಂತು, ಜೊತೆಗಿದ್ದ ಚೀಟಿಯೂ. ಪತ್ರಿಕೆಗಳು ವಾಪಸ್ ಕಳಿಸಿದವೆಂದು ಬರೆಯುವುದನ್ನೇ ಬಿಡುತ್ತೀಯಾ? ಬಿಡುವುದಾದರೆ ಬಿಡು, ಆದರೆ ಅಷ್ಟು ಚಿಕ್ಕ ಕಾರಣಕ್ಕೆ ಬೇಡ. ಕಾಗುಣಿತ, ಪ್ರಕಾಶಕರು, ಗೌರವಧನ ಎಲ್ಲ ತಾನಾಗೇ ತಿಳಿಯುತ್ತದೆ, ನನ್ನನ್ನು ಕೇಳಬೇಡ.

ಸಿಟ್ಟು ಬಂದದ್ದು ಮೊದಲ ಅಧ್ಯಾಯಕ್ಕೆ. ಅಂಬೇಡ್ಕರರ ಓದಿನ ಬಗ್ಗೆ ಬರೆಯಹೊರಟು, ದಿನಕ್ಕೆ 18 ಗಂಟೆ, 50,000 ಪುಸ್ತಕ ಎಂದು ಎಣಿಸುತ್ತಾ ಹೋಗಿದ್ದೀಯ. ಇಂಥದ್ದು ಏಪ್ರಿಲ್ 14ರಂದು ಯಾವ ವೇದಿಕೆಯಲ್ಲೂ ಸಿಗುತ್ತದೆ. ಪುಸ್ತಕಗಳಿಗೆಂದೇ ಮುಂಬೈನ ದಾದರಿನಲ್ಲಿ ರಾಜಗೃಹ ಎಂಬ ಮನೆ ಕಟ್ಟಿಸಿದ್ದು ನಿಜ. 1917ರಲ್ಲಿ ಅವರ ಸಾಮಾನು ಹೊತ್ತ ಹಡಗು ಟಾರ್ಪೆಡೊಗೆ ಸಿಕ್ಕಿ ಪುಸ್ತಕಗಳು ಸಮುದ್ರದ ಪಾಲಾದದ್ದೂ ನಿಜ. ಓದುವ ಮನುಷ್ಯ ಎಲ್ಲಯ್ಯಾ?

ಅವರು 'ಬುದ್ಧ ಮತ್ತು ಅವನ ಧಮ್ಮ'ಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಸಿಗುತ್ತಾರೆ. ಮರುವರ್ಷದ ಮೊದಲ ಮುದ್ರಣದಲ್ಲಿ ಅದು ಇರಲಿಲ್ಲ. ಅವರು ಹುಡುಗನಾಗಿದ್ದಾಗ ಮರಾಠಿ ಲೇಖಕ ಕೆಳುಸ್ಕರ್ ತಾವೇ ಬರೆದ ಬುದ್ಧಚರಿತ್ರೆಯನ್ನು ಕೈಗಿತ್ತರು. ಅದನ್ನು ಓದಿದವನು ನೇರ ಅಪ್ಪನನ್ನೇ ಕೇಳಿದ: ಬುದ್ಧನನ್ನು ಯಾಕೆ ಓದಿಸಲಿಲ್ಲ, ದಿನಾ ರಾಮಾಯಣ ಮಹಾಭಾರತವೇ ಯಾಕೆ? ನಾವು ಅಸ್ಪೃಶ್ಯರು, ಕೀಳರಿಮೆ ಬರಬಾರದು. ದ್ರೋಣ, ಕರ್ಣ ಎಷ್ಟು ಎತ್ತರಕ್ಕೇರಿದರು ನೋಡು, ವಾಲ್ಮೀಕಿ ಕೋಲಿ ಜಾತಿಯವನಲ್ಲವೇ ಎಂದರು ಅಪ್ಪ ರಾಮ್‌ಜಿ. ಮಾತಿನಲ್ಲಿ ತೂಕವಿದೆ ಅನ್ನಿಸಿತಂತೆ. ಆದರೂ ಹುಡುಗ ಒಪ್ಪಲಿಲ್ಲ. ಭೀಷ್ಮ, ದ್ರೋಣ, ಕೃಷ್ಣ ಯಾರೂ ಹಿಡಿಸಲಿಲ್ಲ ಎಂದ. ಶೂರ್ಪನಖಿ, ವಾಲಿ, ಸೀತೆಯ ವಿಷಯದಲ್ಲಿ ರಾಮನೂ ಹಿಡಿಸಲಿಲ್ಲ. ಅಪ್ಪ ಸುಮ್ಮನಾದರು.

ಹೀಗೆ ಜಗಳವಾಡಿಕೊಂಡು ಓದುವುದಿದೆಯಲ್ಲ, ಅದನ್ನು ಬರಿ. ನಿನ್ನ ಪುಟಗಳಲ್ಲಿ ಬಾಬಾಸಾಹೇಬರು ಯಾವ ಪುಸ್ತಕಕ್ಕೂ ಎದುರು ಮಾತಾಡಿಲ್ಲ. ನೀನಾದರೂ ಆಡಿದ್ದೀಯಾ? ಓದಿದ್ದಕ್ಕೆಲ್ಲ ತಲೆಯಾಡಿಸುವವನು ಹೊಗಳುಭಟ್ಟನಾಗುತ್ತಾನೆ, ಆಮೇಲೆ ಹೊಗಳಿಕೆಗೆ ಕಾಯುವವನೂ ಅವನೇ. ಇಂಥವರ ನಡುವೆಯೇ ನನ್ನ ಆಯುಷ್ಯ ಕಳೆದಿದೆ.

ಪಿಟೀಲಿನ ಪ್ರಸ್ತಾಪ ಮಾತ್ರ ಚೆನ್ನಾಗಿದೆ, ಒಂದೇ ಸಾಲಿಗೆ ಮುಗಿಸಿದ್ದೀಯಲ್ಲ ದಡ್ಡ! ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತರು. ತಪ್ಪು ಸ್ವರ ಹಿಡಿದು ತಿದ್ದಿಸಿಕೊಳ್ಳುವ ಜಾಗಕ್ಕೆ ಆ ವಯಸ್ಸಿನಲ್ಲಿ ಯಾರು ಹೋಗುತ್ತಾರೆ? ಅಲ್ಲಿ ನಿಲ್ಲು, ಒಂದೆರಡು ಪುಟ ನಿಲ್ಲು.

ಕೊನೆಯ ರಾತ್ರಿಯ ಭಾಗದಲ್ಲಿ ಅಳು ಜಾಸ್ತಿ. 1956ರ ಡಿಸೆಂಬರ್ 5, ದೆಹಲಿಯ ಅಲಿಪುರ್ ರಸ್ತೆಯ ಮನೆ, ಅದೇ ಬುದ್ಧನ ಪುಸ್ತಕದ ಮುನ್ನುಡಿಯ ಹಾಳೆಗಳನ್ನು ಹತ್ತಿರ ಇಡಿಸಿಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಅವರೇ ಇರಲಿಲ್ಲ. ಇಷ್ಟು ಹೇಳಿದರೆ ಸಾಕು, ನಿನ್ನ ವಿಶೇಷಣಗಳನ್ನೆಲ್ಲ ಹೊಡೆದುಹಾಕಿದ್ದೇನೆ.

ನನ್ನಿಂದಲೂ ಮುನ್ನುಡಿ ಬೇಕೆಂದಿದ್ದೀಯ. ನನ್ನ ಮೊದಲ ಪುಸ್ತಕಕ್ಕೆ ಹಿರಿಯರೊಬ್ಬರು ಓದದೆಯೇ ಬರೆದುಕೊಟ್ಟರು, ಊರೆಲ್ಲ ಮೆಚ್ಚಿತು. ಅವರನ್ನು ನಾನಿನ್ನೂ ಕ್ಷಮಿಸಿಲ್ಲ. ತಿದ್ದಿದ ಪ್ರತಿ ಕಳಿಸು, ಪೂರ್ತಿ ಓದುತ್ತೇನೆ. ಬರೆಯುತ್ತೇನೋ ಇಲ್ಲವೋ ಆಮೇಲೆ ನೋಡೋಣ.

ಇಂತು,
ನಿನ್ನ ಅಣ್ಣ