ಕೊಳವೆಯ ಎರಡೂ ತುದಿಗಳನ್ನು ನೋಡು

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ನಿನ್ನ ಪ್ರಬಂಧದ ಕರಡು ಕೈಸೇರಿ ಹತ್ತು ದಿನವಾಯಿತು. ಒಮ್ಮೆ ಓದಿ ಪಕ್ಕಕ್ಕಿಟ್ಟು, ಎರಡು ದಿನ ಬಿಟ್ಟು, ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದಿದೆ. ಮನೆಯ ಮಗಳೊಬ್ಬಳು ದೆಹಲಿಯಲ್ಲಿ ಕುಳಿತು ರಷ್ಯಾದ ವಿದೇಶಾಂಗ ನೀತಿಯನ್ನು ಇಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿರುವುದು ನನಗೆ ಬಹಳ ಸಂತೋಷ ಕೊಟ್ಟಿದೆ. ಆದರೆ ನಿನ್ನ ಮೊದಲ ಅಧ್ಯಾಯದಲ್ಲಿ ‘ರಷ್ಯಾ ತನ್ನ ಅನಿಲವನ್ನು ಆಯುಧವಾಗಿ ಬಳಸುತ್ತದೆ’ ಎಂಬ ಮಾತು ಬೇರೆ ಬೇರೆ ರೂಪದಲ್ಲಿ ಹನ್ನೊಂದು ಬಾರಿ ಬಂದಿದೆ. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ, ಅದು ಅರ್ಧ ಮಾತು ಎಂದು ಹೇಳುತ್ತೇನೆ. ಮೂವತ್ತು ವರ್ಷ ಕರಾವಳಿಯ ರಿಫೈನರಿಯೊಂದರಲ್ಲಿ, ಹಡಗಿನಿಂದ ಬಂದ ಕಚ್ಚಾ ತೈಲವನ್ನು ಟ್ಯಾಂಕಿಗೆ ಇಳಿಸಿಕೊಳ್ಳುವ ವಿಭಾಗದಲ್ಲಿ ದುಡಿದವನು ನಾನು. ರಾಜತಂತ್ರದ ಪುಸ್ತಕಗಳನ್ನು ನಿನ್ನಷ್ಟು ಓದಿಲ್ಲವಾದರೂ ಕೊಳವೆ ಎಂದರೇನು ಎಂಬುದನ್ನು ಬಲ್ಲೆ. ಆ ಅರಿವಿನಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ತೈಲಕ್ಕೂ ಅನಿಲಕ್ಕೂ ಇರುವ ವ್ಯತ್ಯಾಸವನ್ನು ನೀನು ಒಂದೇ ಸಾಲಿನಲ್ಲಿ ದಾಟಿಹೋಗಿದ್ದೀಯ. ಅಲ್ಲಿ ಸ್ವಲ್ಪ ನಿಲ್ಲಬೇಕು. ತೈಲ ತುಂಬಿದ ಹಡಗು ನಡುಗಡಲಿನಲ್ಲಿ ದಿಕ್ಕು ಬದಲಿಸಬಹುದು. ಹೊರಡುವಾಗ ಒಬ್ಬನದಾಗಿದ್ದ ಸರಕು ದಡ ಸೇರುವಷ್ಟರಲ್ಲಿ ಮತ್ತೊಬ್ಬನದಾಗಿರಬಹುದು. ಸಾವಿರಾರು ಕಿಲೋಮೀಟರ್ ಉದ್ದದ ಅನಿಲದ ಕೊಳವೆಯನ್ನು ಒಮ್ಮೆ ನೆಲದಲ್ಲಿ ಹೂತ ಮೇಲೆ, ಮಾರುವವನಿಗೆ ಬೇರೆ ಗಿರಾಕಿಯಿಲ್ಲ, ಕೊಳ್ಳುವವನಿಗೆ ಬೇರೆ ಅಂಗಡಿಯಿಲ್ಲ. ಆದ್ದರಿಂದ ಯಾವ ಬಿಕ್ಕಟ್ಟನ್ನು ಕುರಿತು ಬರೆಯುವಾಗಲೂ, ಪೂರೈಕೆ ನಿಂತರೆ ಯಾರು ಎಷ್ಟು ದಿನ ತಾಳಿಕೊಳ್ಳಬಲ್ಲರು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೋ. ನಾಯಕರ ಭಾಷಣಗಳನ್ನು ಆಮೇಲೆ ಓದಿದರೆ ಸಾಕು.

ಕಥೆಯನ್ನು ರಷ್ಯಾ ಉಕ್ರೇನಿಗೆ ಅನಿಲ ತಡೆದ 2006ರಿಂದ ಆರಂಭಿಸಿದ್ದೀಯ. 1970ಕ್ಕೆ ಹೋಗು. ಆ ವರ್ಷದ ಫೆಬ್ರವರಿ 1ರಂದು ಪಶ್ಚಿಮ ಜರ್ಮನಿಯ ಎಸ್ಸೆನ್ ನಗರದಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾಯಿತು. ಜರ್ಮನಿಯ ಮಾನ್ನೆಸ್‌ಮಾನ್ ಕಂಪನಿ ದೊಡ್ಡ ವ್ಯಾಸದ ಉಕ್ಕಿನ ಕೊಳವೆ ಕೊಡುವುದು, ಅದಕ್ಕೆ ಜರ್ಮನ್ ಬ್ಯಾಂಕುಗಳು ಸಾಲ ಕೊಡುವುದು, ಸೋವಿಯತ್ ಒಕ್ಕೂಟ ಆ ಸಾಲವನ್ನು ಅನಿಲದ ರೂಪದಲ್ಲಿ ತೀರಿಸುವುದು. ಸೈಬೀರಿಯಾದಲ್ಲಿ ಅನಿಲ ಧಾರಾಳವಾಗಿತ್ತು, ಅದನ್ನು ಸಾಗಿಸುವ ಉಕ್ಕು ಜರ್ಮನಿಯ ರೂರ್ ಕಣಿವೆಯಲ್ಲಿತ್ತು. ಪಶ್ಚಿಮ ಜರ್ಮನಿಯ ಆಗಿನ ಚಾನ್ಸಲರ್ ವಿಲ್ಲಿ ಬ್ರಾಂಟ್ ಅವರು ಪೂರ್ವದ ದೇಶಗಳೊಂದಿಗೆ ಸಂಬಂಧ ಸುಧಾರಿಸಲು ಹೊರಟಿದ್ದ ಕಾಲ ಅದು. 1973ರಲ್ಲಿ ಅನಿಲ ಹರಿಯತೊಡಗಿತು. ಅಂದರೆ ನೀನು ‘ಆಯುಧ’ ಎಂದು ಕರೆಯುವ ವಸ್ತುವಿನ ಉಕ್ಕು, ಹಣ, ತಂತ್ರಜ್ಞಾನಗಳೆಲ್ಲ ಮುಂದೆ ಅದಕ್ಕೆ ಗುರಿಯಾದವರ ಮನೆಯಿಂದಲೇ ಹೋದವು.

ಅಮೆರಿಕ ಇದನ್ನು ಒಪ್ಪಲಿಲ್ಲ. 1981ರ ಡಿಸೆಂಬರ್‌ನಲ್ಲಿ ಪೋಲೆಂಡಿನಲ್ಲಿ ಸೇನಾಡಳಿತ ಹೇರಿದಾಗ, ಸೈಬೀರಿಯಾದ ಉರೆಂಗೋಯ್‌ನಿಂದ ಪಶ್ಚಿಮ ಯೂರೋಪಿಗೆ ಹಾಕುತ್ತಿದ್ದ ಕೊಳವೆ ಮಾರ್ಗದ ಉಪಕರಣಗಳ ಮೇಲೆ ರೇಗನ್ ಸರ್ಕಾರ ನಿರ್ಬಂಧ ಹಾಕಿತು. ಮರುವರ್ಷ ಜೂನ್‌ನಲ್ಲಿ, ಅಮೆರಿಕದ ಪರವಾನಗಿ ಪಡೆದು, ಅನಿಲವನ್ನು ಕೊಳವೆಯಲ್ಲಿ ಮುಂದಕ್ಕೆ ತಳ್ಳಲು ಬೇಕಾದ ಟರ್ಬೈನ್ ತಯಾರಿಸುತ್ತಿದ್ದ ಯೂರೋಪಿನ ಕಂಪನಿಗಳಿಗೂ ಅದನ್ನು ವಿಸ್ತರಿಸಿತು. ರೇಗನ್ ಅವರ ಆಪ್ತ ಮಿತ್ರೆಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರೇ ಇದನ್ನು ವಿರೋಧಿಸಿದರು. ನವೆಂಬರ್‌ನಲ್ಲಿ ನಿರ್ಬಂಧ ಹಿಂದಕ್ಕೆ ಹೋಯಿತು, ಕೊಳವೆ ಪೂರ್ಣಗೊಂಡಿತು. ಯೂರೋಪ್ ಮಾಸ್ಕೋದ ಹಿಡಿತಕ್ಕೆ ಸಿಕ್ಕಿಬೀಳುತ್ತದೆ ಎಂದು ಅಂದು ವಾಷಿಂಗ್ಟನ್ ಹೇಳಿದ್ದು ಸರಿಯೋ, ವ್ಯಾಪಾರವೇ ಶಾಂತಿಯನ್ನು ಕಾಯುತ್ತದೆ ಎಂದು ಯೂರೋಪ್ ನಂಬಿದ್ದು ಸರಿಯೋ ಎಂದು ನೀನು ಕೇಳಬಹುದು. ನನ್ನ ಅಭಿಪ್ರಾಯ ಇಷ್ಟು: ಶೀತಲ ಸಮರದ ಅತ್ಯಂತ ಬಿಗುವಿನ ದಿನಗಳಲ್ಲಿಯೂ ಪಶ್ಚಿಮ ಜರ್ಮನಿಗೆ ಅನಿಲ ಬರುತ್ತಲೇ ಇತ್ತು, ಸೋವಿಯತ್ ಒಕ್ಕೂಟ ಒಡೆದುಹೋದ ಮೇಲೂ ಬರುತ್ತಲೇ ಇತ್ತು, ಮತ್ತು ಹಾಗೆ ದಶಕಗಟ್ಟಲೆ ತಪ್ಪದೆ ಬಂದದ್ದರಿಂದಲೇ ಮುಂದೊಂದು ದಿನ ಅದು ನಿಲ್ಲಬಹುದೆಂಬ ಯೋಚನೆ ಜರ್ಮನಿಯ ಆಡಳಿತಗಾರರ ತಲೆಯಿಂದ ಜಾರಿಹೋಯಿತು.

ರೇಡನ್ ಎಂಬ ಊರಿನ ಹೆಸರು ನಿನ್ನ ಕರಡಿನಲ್ಲಿ ಎಲ್ಲೂ ಇಲ್ಲ. ವಾಯವ್ಯ ಜರ್ಮನಿಯ ಆ ಚಿಕ್ಕ ಊರಿನ ಕೆಳಗೆ, ಬರಿದಾದ ಹಳೆಯ ಅನಿಲ ಕ್ಷೇತ್ರವೊಂದನ್ನೇ ದೊಡ್ಡ ಉಗ್ರಾಣವನ್ನಾಗಿ ಮಾಡಿಕೊಂಡಿದ್ದಾರೆ. ಸುಮಾರು 4 ಶತಕೋಟಿ ಘನ ಮೀಟರ್ ಅನಿಲ ಹಿಡಿಯುವ ಅದು ಆ ದೇಶದ ಸಂಗ್ರಹ ಸಾಮರ್ಥ್ಯದ ಐದನೆಯ ಒಂದು ಭಾಗದಷ್ಟಿದೆ. ನಮ್ಮ ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಸೌದೆ ಕೂಡಿಡುವಂತೆ, ಬೇಸಿಗೆಯಲ್ಲಿ ಅಗ್ಗಕ್ಕೆ ಸಿಗುವ ಅನಿಲವನ್ನು ಅಲ್ಲಿ ತುಂಬಿಟ್ಟು ಚಳಿಗಾಲದಲ್ಲಿ ತೆಗೆಯುವುದು ಪದ್ಧತಿ. 2014ರಲ್ಲಿ ರಷ್ಯಾ ಉಕ್ರೇನಿನ ಕ್ರೈಮಿಯಾವನ್ನು ವಶಪಡಿಸಿಕೊಂಡಿತು. ಅದಾದ ಮರುವರ್ಷವೇ, ಆಸ್ತಿ ವಿನಿಮಯದ ಒಪ್ಪಂದವೊಂದರಲ್ಲಿ ಈ ಉಗ್ರಾಣ ಪೂರ್ತಿಯಾಗಿ ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರೋಮ್ ಕೈಗೆ ಹೋಗಲು ಜರ್ಮನಿ ಬಿಟ್ಟಿತು. 2021ರ ಶರತ್ಕಾಲದಲ್ಲಿ ಜರ್ಮನಿಯ ಉಳಿದ ಉಗ್ರಾಣಗಳು ಹೇಗೋ ತುಂಬುತ್ತಿದ್ದಾಗ ರೇಡನ್ ಮಾತ್ರ ಶೇಕಡ 10ರ ಆಸುಪಾಸಿನಲ್ಲಿಯೇ ಉಳಿದಿತ್ತು. ಗಾಜ್‌ಪ್ರೋಮ್ ದೀರ್ಘಾವಧಿ ಒಪ್ಪಂದಗಳಲ್ಲಿದ್ದಷ್ಟನ್ನು ಕೊಡುತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಮಾರುತ್ತಿರಲಿಲ್ಲ. ಉಗ್ರಾಣದಲ್ಲಿ ಕನಿಷ್ಠ ಇಷ್ಟು ಇರಲೇಬೇಕೆಂಬ ಕಾನೂನು ಜರ್ಮನಿಯಲ್ಲಿ ಆಗ ಇರಲಿಲ್ಲ. ಉಕ್ರೇನಿನ ಮೇಲೆ ಯುದ್ಧ ಆರಂಭವಾದ ಮೇಲೆ, 2022ರ ವಸಂತದಲ್ಲಿ, ಅದನ್ನು ತಂದರು. ಮಾರುವವನ ಕೈಗೇ ಕಣಜದ ಬೀಗದಕೈಯನ್ನೂ ಕೊಟ್ಟ ಈ ಘಟನೆಯನ್ನು ಬಿಟ್ಟು ನಿನ್ನ ಎರಡನೆಯ ಅಧ್ಯಾಯ ನಿಲ್ಲಲಾರದು.

ನಡುವಿನ ದೇಶಗಳ ವಿಚಾರವನ್ನು ನೀನು ಚೆನ್ನಾಗಿಯೇ ಬರೆದಿದ್ದೀಯ. 2009ರ ಜನವರಿಯಲ್ಲಿ ಉಕ್ರೇನಿನ ಮೂಲಕ ಬರುವ ಅನಿಲ ಎರಡು ವಾರದಷ್ಟು ಕಾಲ ನಿಂತಾಗ ಬಲ್ಗೇರಿಯಾ, ಸ್ಲೊವಾಕಿಯಾಗಳು ಅನುಭವಿಸಿದ ಕಷ್ಟ, ರಷ್ಯಾದಿಂದ ಜರ್ಮನಿಗೆ ಬಾಲ್ಟಿಕ್ ಸಮುದ್ರದ ತಳದಲ್ಲಿ 1,224 ಕಿಲೋಮೀಟರ್ ಸಾಗಿ ಉಕ್ರೇನನ್ನೂ ಪೋಲೆಂಡನ್ನೂ ಬದಿಗಿಟ್ಟ ನಾರ್ಡ್ ಸ್ಟ್ರೀಮ್, ಇವೆಲ್ಲ ಬಂದಿವೆ. ಒಂದನ್ನು ಮಾತ್ರ ಸೇರಿಸು. 2022ರ ಜೂನ್‌ನಲ್ಲಿ ನಾರ್ಡ್ ಸ್ಟ್ರೀಮ್‌ನ ಪೂರೈಕೆಯನ್ನು ಗಾಜ್‌ಪ್ರೋಮ್ ಇಳಿಸುವಾಗ, ಕೆನಡಾಕ್ಕೆ ದುರಸ್ತಿಗೆ ಹೋದ ಟರ್ಬೈನ್ ನಿರ್ಬಂಧದಿಂದಾಗಿ ಮರಳಿ ಬಂದಿಲ್ಲ ಎಂಬ ಕಾರಣ ಕೊಟ್ಟಿತು. ಕೆನಡಾ ಅದನ್ನು ಬಿಟ್ಟುಕೊಟ್ಟ ಮೇಲೆ ಜರ್ಮನಿಯ ಚಾನ್ಸಲರ್ ಷೋಲ್ಜ್ ಆ ಯಂತ್ರದ ಪಕ್ಕದಲ್ಲಿ ನಿಂತು, ಒಯ್ಯುವುದೊಂದೇ ಬಾಕಿ ಎಂದು ತೋರಿಸಿದರೂ ಗಾಜ್‌ಪ್ರೋಮ್ ಒಯ್ಯಲಿಲ್ಲ. 1982ರಲ್ಲಿ ಟರ್ಬೈನ್ ತಡೆದು ಕೊಳವೆಯನ್ನು ನಿಲ್ಲಿಸಲು ಅಮೆರಿಕ ಪ್ರಯತ್ನಿಸಿತ್ತು. ನಲವತ್ತು ವರ್ಷಗಳ ನಂತರ ಅಂಥದೇ ಯಂತ್ರದ ನೆಪದಲ್ಲಿ ರಷ್ಯಾವೇ ಕೊಳವೆಯನ್ನು ಬರಿದು ಮಾಡಿತು. 2022ರ ಸೆಪ್ಟೆಂಬರ್ 26ರಂದು ಸಮುದ್ರದ ತಳದಲ್ಲಾದ ಸ್ಫೋಟಗಳು ನಾಲ್ಕರಲ್ಲಿ ಮೂರು ಕೊಳವೆಗಳನ್ನು ಸೀಳುವ ಮೊದಲೇ ನಾರ್ಡ್ ಸ್ಟ್ರೀಮ್‌ನಲ್ಲಿ ಹರಿವು ನಿಂತಿತ್ತು.

ಈಗ ಮತ್ತೊಂದು ತುದಿಗೆ ಬಾ. ಅನಿಲ ನಿಂತಾಗ ಯೂರೋಪ್ ಬಹಳ ನೊಂದಿತು, ಬೆಲೆ ಗಗನಕ್ಕೇರಿತು, ಕಾರ್ಖಾನೆಗಳು ಮುಚ್ಚಿದವು; ಆದರೂ ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿ ಜರ್ಮನಿ ದ್ರವೀಕೃತ ಅನಿಲ ಇಳಿಸಿಕೊಳ್ಳುವ ತನ್ನ ಮೊದಲ ನೆಲೆಯನ್ನು ಆ ಡಿಸೆಂಬರ್ ಹೊತ್ತಿಗೇ ತೆರೆದು, ಹಡಗಿನಲ್ಲಿ ಅಮೆರಿಕದ ಅನಿಲವನ್ನೂ ತರಿಸಿಕೊಂಡು ಚಳಿಗಾಲವನ್ನು ದಾಟಿತು. ಗಾಜ್‌ಪ್ರೋಮ್‌ಗೆ ಅಂಥ ಹಡಗು ಸಿಗಲಿಲ್ಲ. ಯೂರೋಪಿಗಾಗಿಯೇ ತೋಡಿದ ಪಶ್ಚಿಮ ಸೈಬೀರಿಯಾದ ಬಾವಿಗಳ ಅನಿಲವನ್ನು ಚೀನಾದತ್ತ ತಿರುಗಿಸಲು ಕೊಳವೆಯೇ ಇಲ್ಲ. ಚೀನಾಕ್ಕೆ ಹೋಗುವ ‘ಪವರ್ ಆಫ್ ಸೈಬೀರಿಯಾ’ ಮಾರ್ಗಕ್ಕೆ ಅನಿಲ ಬರುವುದು ಪೂರ್ವ ಸೈಬೀರಿಯಾದ ಬೇರೆಯೇ ಕ್ಷೇತ್ರಗಳಿಂದ. 2023ರಲ್ಲಿ ಗಾಜ್‌ಪ್ರೋಮ್ 629 ಶತಕೋಟಿ ರೂಬಲ್ ನಷ್ಟ ತೋರಿಸಿತು. ಎರಡು ದಶಕಗಳಿಗೂ ಮಿಕ್ಕಿದ ಅವಧಿಯಲ್ಲಿ ಅದರ ಮೊದಲ ವಾರ್ಷಿಕ ನಷ್ಟ ಅದು. ಬೀಸಿದ ಕತ್ತಿ ಬೀಸಿದವನ ಕೈಯನ್ನೂ ಕತ್ತರಿಸಿದ್ದನ್ನು ನೀನು ಹೇಳದಿದ್ದರೆ ಓದುವವರಿಗೆ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ.

ಈ ಅವಸ್ಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತದ್ದು ಚೀನಾ. ಕ್ರೈಮಿಯಾದ ಗದ್ದಲವಾಗಿ ಎರಡು ತಿಂಗಳಲ್ಲಿ, 2014ರ ಮೇ ತಿಂಗಳಿನಲ್ಲಿ, ಶಾಂಘೈಯಲ್ಲಿ ವರ್ಷಕ್ಕೆ 38 ಶತಕೋಟಿ ಘನ ಮೀಟರ್‌ನಂತೆ 30 ವರ್ಷಗಳ ಒಪ್ಪಂದವನ್ನು ಅದು ಮಾಡಿಕೊಂಡಿತು. ಮಂಗೋಲಿಯಾದ ಮೂಲಕ ಎರಡನೆಯ ಕೊಳವೆ ಹಾಕಿಸಲು ಮಾಸ್ಕೋ ಎಷ್ಟು ಆತುರಪಡುತ್ತಿದೆಯೋ ಬೀಜಿಂಗ್ ಅಷ್ಟೇ ನಿಧಾನಿಸುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಒಡಂಬಡಿಕೆ ಪತ್ರಕ್ಕೆ ಸಹಿಯಾದಾಗಲೂ ಬೆಲೆ ನಿಗದಿಯಾಗಿರಲಿಲ್ಲ. ಚೀನಾಕ್ಕೆ ತುರ್ಕಮೆನಿಸ್ತಾನದ ಅನಿಲ 2009ರಿಂದಲೂ ಕೊಳವೆಯಲ್ಲಿ ಬರುತ್ತಿದೆ, ಕತಾರ್, ಆಸ್ಟ್ರೇಲಿಯಾಗಳಿಂದ ಹಡಗಿನಲ್ಲಿ ಬರುತ್ತಿದೆ. ಕಾಯುವ ಶಕ್ತಿ ಇರುವವನೇ ಬೆಲೆ ಹೇಳುತ್ತಾನೆ. ‘ಮಿತಿಯಿಲ್ಲದ ಸ್ನೇಹ’ ಎಂದು ಆ ಎರಡು ದೇಶಗಳು 2022ರಲ್ಲಿ ಹೇಳಿಕೊಂಡದ್ದನ್ನು ನೀನು ಉದ್ಧರಿಸಿದ್ದೀಯ. ಅದರ ಪಕ್ಕದಲ್ಲಿ ಈ ಬೆಲೆಯ ಚೌಕಾಸಿಯನ್ನೂ ಇಡು.

ಭಾರತದ ಅಧ್ಯಾಯದಲ್ಲಿ ಎರಡು ಸಂಗತಿ ಬಿಟ್ಟುಹೋಗಿವೆ, ಎರಡೂ ನಮ್ಮವರಿಗೆ ತಟ್ಟಿದವು. ನಮ್ಮ ಸರ್ಕಾರಿ ಅನಿಲ ಕಂಪನಿ ಗೇಲ್ 2012ರಲ್ಲಿ ಗಾಜ್‌ಪ್ರೋಮ್‌ನ ಸಿಂಗಪುರದ ಅಂಗಸಂಸ್ಥೆಯೊಂದಿಗೆ 20 ವರ್ಷಗಳ ದ್ರವೀಕೃತ ಅನಿಲದ ಒಪ್ಪಂದ ಮಾಡಿಕೊಂಡಿತ್ತು. ಆ ಅಂಗಸಂಸ್ಥೆ ಗಾಜ್‌ಪ್ರೋಮ್‌ನ ಜರ್ಮನ್ ಶಾಖೆಯ ಅಧೀನದಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಜರ್ಮನ್ ಸರ್ಕಾರ ಆ ಶಾಖೆಯನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಿತು, ರಷ್ಯಾ ಅದರ ಮೇಲೆ ನಿರ್ಬಂಧ ಹಾಕಿತು, ಭಾರತಕ್ಕೆ ಬರಬೇಕಾದ ಹಡಗುಗಳು ತಪ್ಪಿದವು, ಇಲ್ಲಿಯ ಗೊಬ್ಬರ ಕಾರ್ಖಾನೆಗಳಿಗೆ ಅನಿಲ ಕಡಿಮೆಯಾಯಿತು. ಯಾರ ಪಕ್ಷವನ್ನೂ ವಹಿಸದೆ ನಮ್ಮಷ್ಟಕ್ಕೆ ನಾವಿದ್ದೇವೆ ಎಂದುಕೊಂಡಿದ್ದ ನಮಗೆ, ಮಾಸ್ಕೋ ಬರ್ಲಿನ್‌ಗಳ ಜಗಳದ ಬಿಸಿ ಮುಟ್ಟಿದ್ದು ಹೀಗೆ. ಎರಡನೆಯದು ರಷ್ಯಾದ ಪೂರ್ವ ತುದಿಯ ಸಖಾಲಿನ್-1 ತೈಲ ಯೋಜನೆ. ಅಲ್ಲಿ 2001ರಿಂದ ನಮ್ಮ ಓಎನ್‌ಜಿಸಿ ವಿದೇಶ್‌ಗೆ ಶೇಕಡ 20ರ ಪಾಲಿದೆ. ಯುದ್ಧದ ನಂತರ ತೈಲ ಹೊರಬಂದರೂ ರಷ್ಯಾದಲ್ಲಿ ಭಾರತೀಯ ತೈಲ ಕಂಪನಿಗಳು ಗಳಿಸಿದ ಲಾಭಾಂಶದ ಹಣ ಅಲ್ಲಿಯ ಬ್ಯಾಂಕುಗಳಲ್ಲಿಯೇ ಸಿಕ್ಕಿಕೊಂಡಿತು.

ಅಗ್ಗದ ತೈಲವನ್ನು ಕುರಿತು ನೀನು ನೇರವಾಗಿ ನನ್ನನ್ನು ಕೇಳಿದ್ದೀಯ. 2022ಕ್ಕೆ ಮುಂಚೆ ನಮ್ಮ ಆಮದಿನಲ್ಲಿ ಶೇಕಡ 2ನ್ನೂ ಮುಟ್ಟದಿದ್ದ ರಷ್ಯಾದ ತೈಲ ಎರಡೇ ವರ್ಷಗಳಲ್ಲಿ ಮೂರನೆಯ ಒಂದು ಭಾಗವನ್ನು ದಾಟಿತು. ಕೊಂಡದ್ದು ತಪ್ಪೆಂದು ನಾನು ಹೇಳುವುದಿಲ್ಲ. ರಷ್ಯಾದ ತೈಲಕ್ಕೆ ಬ್ಯಾರೆಲ್‌ಗೆ 60 ಡಾಲರ್ ಎಂಬ ಬೆಲೆಯ ಮಿತಿಯನ್ನು 2022ರ ಡಿಸೆಂಬರ್‌ನಲ್ಲಿ ಹಾಕಿದ ಅಮೆರಿಕ, ಯೂರೋಪ್ ಮೊದಲಾದವರ ಉದ್ದೇಶವೇ ರಷ್ಯಾಕ್ಕೆ ಹಣ ಕಡಿಮೆ ಸಿಗಲಿ, ತೈಲ ಮಾತ್ರ ಮಾರುಕಟ್ಟೆಗೆ ಬರುತ್ತಿರಲಿ ಎಂಬುದಾಗಿತ್ತು. ಆದರೆ ರಿಯಾಯಿತಿಯನ್ನು ಸ್ನೇಹವೆಂದು ನಿನ್ನ ಕರಡು ಕರೆದಿರುವುದು ಸರಿಯಲ್ಲ. ಬೇರೆ ಗಿರಾಕಿ ದೂರವಾದಾಗ ಅಂಗಡಿಯವನು ಬೆಲೆ ಇಳಿಸಿದ್ದಾನೆ, ಅಷ್ಟೇ. 2025ರ ಆಗಸ್ಟ್‌ನಲ್ಲಿ ಇದೇ ತೈಲದ ಕಾರಣ ಹೇಳಿ ಅಮೆರಿಕ ನಮ್ಮ ಸರಕಿನ ಮೇಲೆ ಹೆಚ್ಚುವರಿ ಶೇಕಡ 25 ಸುಂಕ ಹಾಕಿತು, ಅಕ್ಟೋಬರ್‌ನಲ್ಲಿ ರಷ್ಯಾದ ತೈಲ ಕಂಪನಿಗಳಾದ ರೋಸ್‌ನೆಫ್ಟ್ ಮತ್ತು ಲುಕೋಯಿಲ್ ಮೇಲೆ ನಿರ್ಬಂಧ ಹೇರಿತು. ರಿಫೈನರಿಯೊಳಗೆ ನಿಂತವರಿಗೆ ಇದರ ಅರ್ಥ ಬೇರೆ. ಹೊಸ ತೈಲ ಬಂದಾಗಲೆಲ್ಲ ನಾವು ಮಾದರಿ ತೆಗೆದು, ತೂಕ, ಗಂಧಕ, ನೀರಿನಂಶ ನೋಡಿ, ಯಾವ ಟ್ಯಾಂಕಿನ ಯಾವ ತೈಲದೊಂದಿಗೆ ಎಷ್ಟು ಬೆರೆಸಬೇಕೆಂದು ಲೆಕ್ಕ ಹಾಕುತ್ತಿದ್ದೆವು. ಒಂದೇ ಬಗೆಯ ತೈಲಕ್ಕೆ ಘಟಕವನ್ನು ಒಗ್ಗಿಸಿಬಿಟ್ಟರೆ, ಅದು ತಪ್ಪಿದ ತಿಂಗಳು ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಬರ್ಲಿನ್‌ಗೆ ಪೆಟ್ರೋಲ್ ಕೊಡುವ ಶ್ವೇಟ್ ರಿಫೈನರಿ ಸೋವಿಯತ್ ಕಾಲದ ದ್ರುಜ್ಬಾ ಕೊಳವೆಯ ತೈಲವನ್ನೇ ನಂಬಿ ಕಟ್ಟಿದ್ದು. 2023ರಲ್ಲಿ ಆ ರಷ್ಯಾದ ತೈಲ ನಿಂತಾಗ ರಾಸ್ಟಾಕ್ ಬಂದರಿನಿಂದಲೂ ಪೋಲೆಂಡಿನಿಂದಲೂ ಕಝಾಕಸ್ತಾನದಿಂದಲೂ ತರಿಸಿ ಹೊಂದಿಸಬೇಕಾಯಿತು. ಮಂಗಳೂರಿನ ಬಂಡೆಯೊಳಗೆ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ತೈಲ ಹಿಡಿಯುವ ಗುಹೆಗಳನ್ನು ನಾವು ಕೊರೆದಿದ್ದೇವೆ. ರೇಡನ್‌ನ ಕಥೆ ಓದಿದ ಮೇಲೆ ಅವುಗಳಲ್ಲಿ ಯಾವ ದಿನ ಎಷ್ಟು ತುಂಬಿರುತ್ತದೆ, ಬೀಗದಕೈ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ನಿನ್ನ ಪ್ರಬಂಧ ಕೇಳಲಿ.

ಕೊನೆಯದಾಗಿ, ನಿನ್ನ ಬರಹದಲ್ಲಿ ರಾಜಧಾನಿಗಳಿವೆ, ಮನೆಗಳಿಲ್ಲ. 2025ರ ಜನವರಿ 1ರಂದು ಉಕ್ರೇನಿನ ಮೂಲಕ ರಷ್ಯಾದ ಅನಿಲ ಹಾಯುವುದು ಪೂರ್ತಿ ನಿಂತಿತು. ಅಂದು ಮೊದಲು ತಣ್ಣಗಾದದ್ದು ಮಾಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾ ಪ್ರಾಂತದ ಮನೆಗಳು. ರಷ್ಯಾವನ್ನೇ ನೆಚ್ಚಿಕೊಂಡು, ರಷ್ಯಾದ ಸೈನಿಕರನ್ನು ನೆಲದಲ್ಲಿ ಇರಿಸಿಕೊಂಡಿರುವ ಪ್ರಾಂತ ಅದು. ಕೊರೆಯುವ ಚಳಿಯಲ್ಲಿ ಅಲ್ಲಿಯವರಿಗೆ ಬಿಸಿನೀರು ಇರಲಿಲ್ಲ, ಕೋಣೆ ಬೆಚ್ಚಗಾಗಲಿಲ್ಲ, ವಿದ್ಯುತ್ತು ಸರದಿಯ ಪ್ರಕಾರ ಹೋಗುತ್ತಿತ್ತು. ಅದೇ ಚಳಿಗಾಲದಲ್ಲಿ ಉಕ್ರೇನಿನ ವಿದ್ಯುತ್ ಸ್ಥಾವರಗಳ ಮೇಲೆ ರಷ್ಯಾದ ಕ್ಷಿಪಣಿಗಳು ಬೀಳುತ್ತಿದ್ದವು. ಶತ್ರುವೆಂದು ಎಣಿಸಿದವರ ಮಕ್ಕಳೂ ತನ್ನವರೆಂದು ಹೇಳಿಕೊಂಡವರ ಮಕ್ಕಳೂ ಒಂದೇ ತಿಂಗಳಿನಲ್ಲಿ ಕೋಟು ತೊಟ್ಟು ಮಲಗಿದರು. ಇದನ್ನು ಒಂದು ಪುಟವಾದರೂ ಬರೆ.

ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಪ್ರತಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ. ಎರಡನೆಯ ಅಧ್ಯಾಯವನ್ನು ರೇಡನ್‌ನಿಂದ ಆರಂಭಿಸಿ ಹೊಸದಾಗಿ ಬರೆದು, ಮೂರನೆಯದಕ್ಕೆ ಕೈಹಾಕುವ ಮೊದಲು ನನಗೆ ಕಳುಹಿಸು. ನಿನ್ನ ದೊಡ್ಡಮ್ಮ ಚಳಿಗೆಂದು ಹೆಣೆದ ಸ್ವೆಟರ್ ಅದೇ ಕಟ್ಟಿನಲ್ಲಿದೆ.

ಇತಿ,
ನಿನ್ನ ದೊಡ್ಡಪ್ಪ
ಮಂಗಳೂರು