41ಕ್ಕೂ 42ಕ್ಕೂ ನಡುವೆ

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರ ಬಂತು. ಅಮ್ಮನ ಮಂಡಿನೋವು, ಮನೆ ಪಾಲಿನ ಮಾತು ಎಲ್ಲ ಫೋನಿನಲ್ಲೇ ಆಗಿದೆ, ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ಅತ್ತೆ, ನನಗೆ ಬೇಕಾದ ಉತ್ತರ ಬರುವ ಹಾಗೆ ನಾನೇ ತೂಕ ಇಟ್ಟೆನಾ ಅಂತ ಹೆದರಿಕೆ ಆಗ್ತಿದೆ." ರಾತ್ರಿ ಮಲಗಿದ ಮೇಲೂ ಅದೇ ತಲೆಯಲ್ಲಿ. ಬೆಳಿಗ್ಗೆ ಎದ್ದವಳೇ, ಯಾವ ವಿಷಯ ಎಷ್ಟು ಮುಖ್ಯ ಅಂತ ತೂಕ ಇಟ್ಟು ಜಾಗ ಆರಿಸಿದ ನಿನ್ನ ಲೆಕ್ಕದ ಹಾಳೆ ಹಿಡಿದು ಕೂತೆ.

ಕಸ ವಿಂಗಡಿಸುವ ಘಟಕಕ್ಕೆ ಜಾಗ ಹುಡುಕುವ ಕೆಲಸ ಅಂದಾಗಲೇ ನನಗೆ ಸ್ವಲ್ಪ ಅಳುಕಿತ್ತು. ಪಚ್ಚನಾಡಿಯ ಕಥೆ ಮಂಗಳೂರಿನಲ್ಲಿ ಇರುವ ನಿನಗೆ ಹೇಳಬೇಕಾಗಿಲ್ಲ. 2019ರ ಆಗಸ್ಟಿನ ಮಳೆಗೆ ಕಸದ ಗುಡ್ಡವೇ ಜಾರಿ ಮಂದಾರದ ತೋಟಗಳ ಮೇಲೆ ಬಂತು. ಅದನ್ನು ನೋಡಿದವರು ಯಾರೂ ಬಾವಿಗೆ, ಅಂದರೆ ಸುತ್ತಲಿನ ಬಾವಿಗಳು ಕೆಡಬಾರದು ಅನ್ನುವುದಕ್ಕೆ, ಕಡಿಮೆ ತೂಕ ಇಡಲಿಕ್ಕಿಲ್ಲ. ನೀನೂ ಇಡಲಿಲ್ಲ. ಒಟ್ಟು ನೂರರಲ್ಲಿ ಬಾವಿಗೆ 50 ಇಟ್ಟೆ. ಖರ್ಚಿಗೆ 25, ಲಾರಿ ಓಡುವ ದೂರಕ್ಕೆ 25. ಗುಡ್ಡದ ಮೇಲಿನ ಸಮತಟ್ಟು ನೆಲ, ಆ ಪದವಿನ ಜಾಗ ಗೆದ್ದಿತು. ನಿನಗೂ ಅದೇ ಬೇಕಿತ್ತು, ಅಲ್ವಾ? ನಿಮ್ಮ ಮೇಲಿನವರಿಗೆ ತಗ್ಗಿನ ಗದ್ದೆ ಕಡೆಯ ಬೈಲಿನ ಜಾಗ ಬೇಕು. ಹೆದರಿಕೆ ಹುಟ್ಟಿದ್ದು ಅಲ್ಲೇ ಅಂತ ನನಗೆ ಅನಿಸುತ್ತದೆ.

ನಾನು ಕೈಯಲ್ಲೇ ಲೆಕ್ಕ ಮಾಡಿದೆ. ನಿನ್ನ ಅಂಕಗಳೇ, ಜಾಸ್ತಿ ಅಂದರೆ ಒಳ್ಳೆಯದು. ಬೈಲಿಗೆ ಖರ್ಚಿನಲ್ಲಿ 9, ದೂರದಲ್ಲಿ 8, ಬಾವಿಯಲ್ಲಿ 2. ಪದವಿನ ಜಾಗಕ್ಕೆ 6, 4, 7. ಬಾವಿಗೆ ಎಷ್ಟು ಇಟ್ಟರೂ ಉಳಿದದ್ದನ್ನು ಖರ್ಚಿಗೂ ದೂರಕ್ಕೂ ಸಮನಾಗಿ ಹಂಚಿದೆ. ಬಾವಿಗೆ 41 ಇಟ್ಟರೆ ಬೈಲು ಕೂದಲೆಳೆಯಷ್ಟು ಮುಂದೆ. 42 ಇಟ್ಟರೆ ಪದವು ಮುಂದೆ. ಇಡೀ ಜಗಳ ಇರುವುದು 41ಕ್ಕೂ 42ಕ್ಕೂ ನಡುವೆ, ಮಾರಾಯ್ತಿ. ಈ ಗಡಿ ಎಲ್ಲಿದೆ ಅಂತ ನಿನ್ನ ವರದಿಯಲ್ಲಿ ಎಲ್ಲೂ ಇಲ್ಲ. ಇದ್ದಿದ್ದರೆ ನೀನು ಇಷ್ಟು ಹೆದರುತ್ತಿರಲಿಲ್ಲವೇನೋ.

ತೂಕಗಳು ಪರಸ್ಪರ ಹೊಂದುತ್ತವೆ, ಆ ತಾಳೆಯನ್ನು ಅಳೆಯುವ ಸಿಆರ್ (ಕನ್ಸಿಸ್ಟೆನ್ಸಿ ರೇಶಿಯೋ) 0.04 ಬಂದಿದೆ, ಅಂದರೆ ಸರಿ ಇದೆ ಅಲ್ವಾ ಅಂತ ಕೇಳಿದ್ದೀಯ. ಅಮೆರಿಕದ ಥಾಮಸ್ ಸಾಟಿ 1970ರ ದಶಕದಲ್ಲಿ ಎಎಚ್‌ಪಿ (ಅನಾಲಿಟಿಕ್ ಹೈರಾರ್ಕಿ ಪ್ರೊಸೆಸ್) ಅನ್ನುವ, ನೀನು ಬಳಸಿದ ಈ ತೂಕದ ವಿಧಾನ ಕಟ್ಟಿದಾಗ ಎರಡೆರಡನ್ನೇ ಹೋಲಿಸಿ 1ರಿಂದ 9ರೊಳಗೆ ಹೇಳಿ ಅಂದರು. ಖರ್ಚಿಗಿಂತ ಬಾವಿ ಮೂರು ಪಟ್ಟು ಮುಖ್ಯ, ದೂರಕ್ಕಿಂತ ಖರ್ಚು ಎರಡು ಪಟ್ಟು ಮುಖ್ಯ, ಈ ರೀತಿ. ಆ ಮಾತುಗಳು ಒಂದಕ್ಕೊಂದು ತೀರಾ ಅಡ್ಡ ಹೋಗಬಾರದು, ಸಿಆರ್ 0.10ರ ಒಳಗಿದ್ದರೆ ಸಾಕು ಅನ್ನುವುದು ಅವರ ಅಳತೆ. ಅದು ನೋಡುವುದು ನಿನ್ನ ಮಾತು ನಿನ್ನ ಮಾತಿಗೇ ತಾಳೆ ಆಗುತ್ತದಾ ಅಂತ, ಅಷ್ಟೇ. ಮೊದಲೇ ಉತ್ತರ ತೀರ್ಮಾನ ಮಾಡಿ ಕೂತವರಿಗೆ ಸಿಆರ್ ಇನ್ನೂ ಚೆನ್ನಾಗಿ ಬರಬಹುದು. ಹಾಗಾಗಿ 0.04 ನಿನ್ನ ಹೆದರಿಕೆಗೆ ಉತ್ತರ ಅಲ್ಲ. ಇದನ್ನು ಬರೆಯಲು ಬೇಸರವಾಗುತ್ತದೆ, ಆದರೆ ಬರೆಯದೆ ಇರಲಾರೆ.

ನನ್ನ ಕಾಲದಲ್ಲಿ ಈ ಹೆದರಿಕೆಯೇ ಇರಲಿಲ್ಲ. ನಾನು ಪಾಠ ಮಾಡುತ್ತಿದ್ದ ಆಪರೇಷನ್ಸ್ ರಿಸರ್ಚ್, ಅಂದರೆ ಲೆಕ್ಕ ಹಾಕಿ ತೀರ್ಮಾನಕ್ಕೆ ಬರುವ ಶಾಸ್ತ್ರ, ಅದಕ್ಕೆ ಒಂದೇ ಗುರಿ. ಲಾಭ ಏರಬೇಕು, ಇಲ್ಲವೇ ಖರ್ಚು ಇಳಿಯಬೇಕು. ಡಾಂಟ್ಜಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ವಿಧಾನವನ್ನು ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆದು ಮುಗಿಸಿದರೆ ಕೊನೆಯಲ್ಲಿ ಒಂದು ಸಂಖ್ಯೆ ನಿಲ್ಲುತ್ತಿತ್ತು. ಮಕ್ಕಳಿಗೂ ಖುಷಿ, ನನಗೂ ಖುಷಿ. ಗುರಿಗಳು ಹಲವಾರು ಇದ್ದು ಒಂದರ ಕಾಲು ಇನ್ನೊಂದು ಎಳೆಯುವ ಪಾಠ ಸಿಲಬಸ್ಸಿನ ಕೊನೆಯಲ್ಲಿತ್ತು, ಗೋಲ್ ಪ್ರೋಗ್ರಾಮಿಂಗ್ ಅಂತ. ಪರೀಕ್ಷೆ ಹತ್ತಿರ ಬರುತ್ತಿತ್ತು, ಅದು ಉಳಿದೇ ಹೋಗುತ್ತಿತ್ತು. ಎಷ್ಟು ಮಕ್ಕಳು ಎಲ್ಲದಕ್ಕೂ ಒಂದೇ ಸರಿಯುತ್ತರ ಇರುತ್ತದೆ ಅಂದುಕೊಂಡೇ ಕೆಲಸಕ್ಕೆ ಹೋದರೋ. ಈಗ ನೆನೆದರೆ ಮನಸ್ಸಿಗೆ ಚುಚ್ಚುತ್ತದೆ.

ಇನ್ನೊಂದು ಇದೆ. ನಿನ್ನ ಅಪ್ಪನಿಗೂ ಗೊತ್ತಿಲ್ಲ.

ಆಗ ನಾನು ಕೆಲಸಕ್ಕೆ ಸೇರಿ ಸ್ವಲ್ಪ ಸಮಯ ಆಗಿತ್ತು. ಒಂದು ಊರಿನ ಮೀನು ಮಾರುಕಟ್ಟೆಯನ್ನು ಬೇರೆ ಕಡೆಗೆ ಸಾಗಿಸಬೇಕು, ಜಾಗ ಯಾವುದು ಅಂತ ಒಂದು ಸಮಿತಿ. ಲೆಕ್ಕ ಬರೆದುಕೊಡಲು ನನ್ನನ್ನು ಕರೆದಿದ್ದರು. ಜಾಗದ ಬೆಲೆ, ರಸ್ತೆಯ ಅಗಲ, ಚರಂಡಿ, ವಾಹನ ನಿಲ್ಲಿಸುವ ಅನುಕೂಲ. ತೂಕಗಳನ್ನು ಅವರೇ ಇಟ್ಟರು. ನಾನು ಗುಣಿಸಿ ಕೂಡಿಸಿ ಕೊಟ್ಟೆ. ಲೆಕ್ಕದಲ್ಲಿ ತಪ್ಪು ಇರಲಿಲ್ಲ, ತೂಕದಲ್ಲೂ ಯಾರೂ ಕೈಯಾಡಿಸಲಿಲ್ಲ. ಆದರೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬರುವ ಹೆಂಗಸರಿಗೆ ಬಸ್ಸು ಎಲ್ಲಿ ನಿಲ್ಲುತ್ತದೆ ಅನ್ನುವುದು ಆ ಪಟ್ಟಿಯಲ್ಲೇ ಇರಲಿಲ್ಲ. ನೆರಳು ಇರಲಿಲ್ಲ. ಶೌಚಾಲಯ ಇರಲಿಲ್ಲ. ಆ ಕೋಣೆಯಲ್ಲಿ ಮೀನು ಮಾರುವವರು ಒಬ್ಬರೂ ಇರಲಿಲ್ಲ, ಅವರನ್ನು ಕರೆಸುವ ಅಧಿಕಾರ ನನಗೂ ಇರಲಿಲ್ಲ. ಆಮೇಲೆ ಆ ದಾರಿಯಲ್ಲಿ ಹೋಗುವಾಗೆಲ್ಲ ಬಿಸಿಲಿನಲ್ಲಿ ಬುಟ್ಟಿ ಹೊತ್ತು ನಡೆದು ಬರುವವರನ್ನು ನೋಡುತ್ತಿದ್ದೆ. ಒಮ್ಮೆಯಾದರೂ ಇಳಿದು ಮಾತಾಡಿಸಬೇಕು ಅನಿಸುತ್ತಿತ್ತು. ಆಗಲೇ ಇಲ್ಲ.

ಅದಕ್ಕೇ ಹೇಳುವುದು ಪುಟ್ಟಿ, ತೂಕ ಇಡುವ ಮೊದಲೇ ಉತ್ತರ ಒಂದು ಕಡೆ ವಾಲಿರುತ್ತದೆ. ಪಟ್ಟಿಯಲ್ಲಿ ಏನನ್ನು ಬರೆದೆವು, ಯಾರನ್ನು ಕೇಳಿ ಬರೆದೆವು, ಅಲ್ಲೇ. ನೀನು ತೂಕವನ್ನು ಮಾತ್ರ ಅನುಮಾನಿಸುತ್ತಿದ್ದೀಯ. ಅಂಕವನ್ನೂ ಅನುಮಾನಿಸು. ಪದವಿನ ಜಾಗಕ್ಕೆ ಬಾವಿಯಲ್ಲಿ 7 ಕೊಟ್ಟದ್ದು ಯಾರು? ಅಲ್ಲಿ ಮುರಕಲ್ಲು. ಮುರಕಲ್ಲಿನಲ್ಲಿ ತೂತು ಜಾಸ್ತಿ, ಮೇಲೆ ಬಿದ್ದ ನೀರು ಇಳಿದು ಕೆಳಗಿನ ಮನೆಗಳ ಬಾವಿಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ ಕೊಟ್ಟ 7 ಆದರೆ ಸರಿ. ನಕ್ಷೆ ನೋಡಿ ಕೊಟ್ಟದ್ದಾದರೆ? ಅದನ್ನು 6 ಮಾಡಿ ನೋಡಿದೆ. ಗಡಿ 41ರಿಂದ 46ರ ಆಚೆಗೆ ಹೋಯಿತು. ನಿನ್ನ 50ಕ್ಕೆ ಆಗಲೂ ಪದವೇ ಗೆಲ್ಲುತ್ತದೆ, ಆದರೆ ಅಂತರ ಸಣ್ಣದು.

ನನಗೆ ನಿಜವಾಗಿ ಹೆದರಿಕೆ ಆಗುವುದು ಎಲ್ಲಿ ಗೊತ್ತಾ? ನಿನ್ನ ಉದ್ದೇಶ ಒಳ್ಳೆಯದು. ಬಾವಿ ಉಳಿಯಬೇಕು ಅಂತ 50 ಇಟ್ಟೆ ಅಂತಲೇ ಇಟ್ಟುಕೊಳ್ಳುವ. ನಾಳೆ ಇನ್ನೊಬ್ಬರು ಖರ್ಚಿಗೆ 50 ಇಡುತ್ತಾರೆ, ಅವರ ಸಿಆರ್ ಕೂಡ 0.04 ಬರುತ್ತದೆ, ನಿನ್ನದೇ ಹಾಳೆ ತೋರಿಸಿ ಇದೇ ವಿಧಾನ ಅನ್ನುತ್ತಾರೆ. ಆಗ ನೀನು ಏನು ಹೇಳುತ್ತೀಯ?

ಬಾವಿಯನ್ನು ತೂಕದಿಂದ ಕಾಪಾಡಲು ಹೋಗಬೇಡ ಅಂತ ನನಗೆ ಅನಿಸುತ್ತದೆ. ತೂಕದ ಲೆಕ್ಕದಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೈಲಿಗೆ ಬಾವಿಯಲ್ಲಿ 2 ಇದ್ದರೂ ಖರ್ಚಿನ 9 ಬಂದು ಅದನ್ನು ಎತ್ತುತ್ತದೆ. ಅಡಿ ಹಿಡಿದ ಪಾಯಸಕ್ಕೆ ಎಷ್ಟು ದ್ರಾಕ್ಷಿ ಗೋಡಂಬಿ ಹಾಕಿದರೂ ಸೀದ ವಾಸನೆ ಹೋಗುತ್ತದಾ? ಫ್ರಾನ್ಸಿನ ಬರ್ನಾರ್ ರುವಾ 1960ರ ದಶಕದಲ್ಲೇ ಇದನ್ನು ಹಿಡಿದರು. ಅವರ ಎಲೆಕ್ಟ್ರೆ ವಿಧಾನದಲ್ಲಿ ಒಂದು ಆಯ್ಕೆ ಹೆಚ್ಚಿನದರಲ್ಲಿ ಮುಂದಿದ್ದರೂ ಒಂದು ವಿಷಯದಲ್ಲಿ ತೀರಾ ಹಿಂದೆ ಬಿದ್ದರೆ, ಅದು ಇನ್ನೊಂದಕ್ಕಿಂತ ಮೇಲು ಅನ್ನುವಂತಿಲ್ಲ. ಆ ಒಂದು ವಿಷಯಕ್ಕೆ ಬೇಡ ಅನ್ನುವ ಹಕ್ಕಿದೆ. ನೀನೂ ಹಾಗೆ ಮಾಡಬಹುದೇನೋ. ಬಾವಿಯಿಂದ ಇಷ್ಟು ದೂರದ ಒಳಗೆ ಇರುವ ಜಾಗ ಲೆಕ್ಕಕ್ಕೇ ಬರುವುದಿಲ್ಲ ಅಂತ ಮೊದಲೇ ಬರೆ, ಎಲ್ಲರ ಎದುರು, ಅಂಕ ಕೊಡುವ ಮೊದಲು. ಎಷ್ಟು ದೂರ ಅನ್ನುವುದನ್ನು ನೀರಿನ ವಿಷಯ ತಿಳಿದವರು ಹೇಳಬೇಕು, ನಾನಲ್ಲ. ಆದರೆ ಒಮ್ಮೆ ಬರೆದ ಮೇಲೆ ಪದವಿನ ಜಾಗವೂ ಆ ಗೆರೆಯೊಳಗೆ ಬಿದ್ದರೆ ಅದನ್ನೂ ಬಿಡಬೇಕಾಗುತ್ತದೆ. ಆಗ ನಿನಗೆ ಬೇಕಾದ ಉತ್ತರ ಬಂತಾ ಅನ್ನುವ ಪ್ರಶ್ನೆಯೇ ಇರುವುದಿಲ್ಲ.

ಖರ್ಚು ಮುಖ್ಯ ಅಂತ ನಿಮ್ಮ ಮೇಲಿನವರು ಹೇಳುವುದೂ ಸುಳ್ಳಲ್ಲ. ಆದರೆ ಎಷ್ಟು ಖರ್ಚು? ಎರಡು ಜಾಗಗಳ ನಡುವೆ ವ್ಯತ್ಯಾಸ ಕೆಲವೇ ಲಕ್ಷ ಆದರೆ, ಖರ್ಚು ಎಷ್ಟೇ ಮುಖ್ಯವಾದರೂ ಈ ಲೆಕ್ಕದಲ್ಲಿ ಅದಕ್ಕೆ ದೊಡ್ಡ ತೂಕ ಬರಬಾರದು. ಹಲವು ಗುರಿಗಳಿದ್ದಾಗ ತೀರ್ಮಾನ ಮಾಡುವ ಬಗ್ಗೆ ಕೀನಿ ಮತ್ತು ರೈಫಾ 1976ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಹಾಗಾಗಿ ಅವರನ್ನು "ಯಾವುದು ಮುಖ್ಯ" ಅಂತ ಕೇಳಬೇಡ. "ಬಾವಿಯ ಅಂಕ 2ರಿಂದ 7ಕ್ಕೆ ಏರಲು ಎಷ್ಟು ಲಕ್ಷ ಜಾಸ್ತಿ ಕೊಡಬಹುದು ಸಾರ್" ಅಂತ ಕೇಳು. ಹೀಗೆ ಕೇಳುವುದು ಕಷ್ಟ, ಗೊತ್ತು. ಹೊಸಬಳು ನೀನು. ಆಗದಿದ್ದರೆ ಬಿಡು, ಬೇರೆ ದಾರಿ ನೋಡುವ.

ನಿನ್ನ ಹಾಳೆಯಲ್ಲಿ ಹೆದ್ದಾರಿ ಬದಿಯ ಮೂರನೇ ಜಾಗವೂ ಇದೆಯಲ್ಲ, ಅದನ್ನು ತೆಗೆದು ಒಮ್ಮೆ ಎಎಚ್‌ಪಿ ಓಡಿಸಿ ನೋಡು. ಒಂದು ಆಯ್ಕೆ ಬಂದರೆ ಅಥವಾ ಹೋದರೆ ಉಳಿದವುಗಳ ಸಾಲು ಅದರಲ್ಲಿ ತಿರುಗಬಹುದು ಅಂತ ಬೆಲ್ಟನ್ ಮತ್ತು ಗೇರ್ 1983ರಲ್ಲೇ ತೋರಿಸಿದ್ದಾರೆ.

1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಒಂದು ಹೊಸ ಕೆಲಸಕ್ಕೆ ಹೋಗಬೇಕಾ ಬೇಡವಾ ಅಂತ ಬೆಂಜಮಿನ್ ಫ್ರಾಂಕ್ಲಿನ್‌ಗೆ ಪತ್ರ ಬರೆದಿದ್ದರು. ಫ್ರಾಂಕ್ಲಿನ್ ಏನು ಮಾಡು ಅಂತ ಹೇಳಲಿಲ್ಲ, ಹೇಗೆ ಯೋಚಿಸು ಅಂತ ಮಾತ್ರ ಹೇಳಿದರು. ಹಾಳೆಯನ್ನು ಎರಡು ಭಾಗ ಮಾಡು, ಬೇಕು ಅನ್ನುವ ಕಾರಣ ಒಂದು ಕಡೆ, ಬೇಡ ಅನ್ನುವುದು ಇನ್ನೊಂದು ಕಡೆ. ಮೂರು ನಾಲ್ಕು ದಿನ ನೆನಪಾದ ಹಾಗೆ ಬರೆಯುತ್ತಾ ಹೋಗು. ಸಮ ಆದದ್ದನ್ನು ಹೊಡೆದು ಹಾಕು. ಆ ಮೂರು ನಾಲ್ಕು ದಿನ ನನಗೆ ತುಂಬ ಇಷ್ಟ. ಎಲ್ಲ ಕಾರಣಗಳೂ ಒಟ್ಟಿಗೆ ಮನಸ್ಸಿಗೆ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನೀನು ತೂಕ ಇಟ್ಟದ್ದು ಒಂದೇ ಸಂಜೆಯಲ್ಲಿ ಅಂತ ಬರೆದಿದ್ದೀಯ. ನಾಲ್ಕು ದಿನ ಬಿಟ್ಟು, ಹಳೆಯ ಹಾಳೆ ನೋಡದೆ ಇನ್ನೊಮ್ಮೆ ಇಡು. ಬೈಲಿನ ಹತ್ತಿರದ ಮನೆಯವರ ಹತ್ತಿರವೂ, ಲಾರಿ ಓಡಿಸುವವರ ಹತ್ತಿರವೂ ತೂಕ ಕೇಳು. ಎಲ್ಲರ ತೂಕ ಕೂಡಿಸಿ ಸರಾಸರಿ ಮಾಡಬೇಡ. ಬೇರೆಬೇರೆಯಾಗಿಯೇ ಇಟ್ಟು, ಯಾರ ತೂಕಕ್ಕೆ ಯಾವ ಜಾಗ ಬರುತ್ತದೆ ಅಂತ ತೋರಿಸು.

41 ಮತ್ತು 42ರ ಗಡಿಯನ್ನು ವರದಿಯ ಮೊದಲ ಪುಟದಲ್ಲೇ ಹಾಕು ಅನ್ನಬೇಕು ಅನಿಸುತ್ತದೆ. ಬೇಡ ಅಂದರೆ ಕೊನೆಯಲ್ಲಾದರೂ ಇರಲಿ. ಓದುವವರಿಗೆ ತಮ್ಮ ತೂಕ ಗಡಿಯ ಯಾವ ಬದಿಗೆ ಬೀಳುತ್ತದೆ ಅಂತ ತಾವೇ ನೋಡಿಕೊಳ್ಳಲಿ.

ಇಷ್ಟೆಲ್ಲ ಬರೆದ ಮೇಲೂ ನಿನ್ನ ಆ ಸಾಲಿಗೆ ನನ್ನಲ್ಲಿ ಉತ್ತರ ಇಲ್ಲ. ನೀನು ಬರೆದದ್ದರಲ್ಲಿ ಒಂದು ಕಾಣಲಿಲ್ಲ. ಮೊಟ್ಟಮೊದಲು, ಲೆಕ್ಕ ಮಾಡುವ ಮೊದಲು, ಬಾವಿಗೆ ನೀನು ಎಷ್ಟು ಇಟ್ಟಿದ್ದೆ? 50ಕ್ಕೆ ಆಮೇಲೆ ಬಂದೆಯಾ, ಅಥವಾ ಅದೇ ಮೊದಲಿನದಾ? ನನಗಾದರೂ ಬರೆ. ಬೇರೆ ಯಾರಿಗೂ ತೋರಿಸಬೇಕಾಗಿಲ್ಲ. ಭಾನುವಾರ ಬರುವುದಾದರೆ ಆ ಮೊದಲ ಹಾಳೆ ಹರಿಯದೆ ಇದ್ದರೆ ತಾ, ಒಟ್ಟಿಗೆ ಕೂತು ಮತ್ತೊಮ್ಮೆ ಲೆಕ್ಕ ಮಾಡುವ.

ಇತಿ ನಿನ್ನ
ಅತ್ತೆ